ಎದುರಿನವರ ಮಾತು ಒಪ್ಪಿಸುವ ಪರೀಕ್ಷೆ

ನಮ್ಮ ಮನೆಯವರು ಮೇಷ್ಟ್ರು. ಸಮಾಜ ಪಾಠ ಹೇಳ್ತಾರೆ. ಶರ್ಟಿನ ತೋಳಿಗೆಲ್ಲ ಸೀಮೆಸುಣ್ಣ ಬಳಿದುಕೊಂಡು ಬೀದಿಯಲ್ಲಿ ಬರುತ್ತಿದ್ದರೆ ಹಿಂದೆ ನಾಲ್ಕು ಮಕ್ಕಳು ಇದ್ದೇ ಇರುತ್ತವೆ. ಊರಿಗೆಲ್ಲ ಒಳ್ಳೆಯವರು. ನನಗೆ ಮಾತ್ರ ಅವರ ಹೆಸರೆತ್ತಿದರೆ ಮೈ ಉರಿಯುತ್ತೆ.

ಮಕ್ಕಳಿಗೆ ‘ಜಾಗತಿಕ ಸಾಮರ್ಥ್ಯ’, ಅಂದರೆ ಬೇರೆ ದೇಶದವರ ಮಾತನ್ನೂ ಅರ್ಥ ಮಾಡಿಕೊಳ್ಳುವ ಬುದ್ಧಿ, ಬಂದಿದೆಯೋ ಇಲ್ಲವೋ ಅಳೆದು ಮಾರ್ಕ್ಸ್ ಹಾಕಿ ಅಂತ ಶಾಲೆಗೆ ಮೇಲಿನಿಂದ ಆಜ್ಞೆ ಬಂತು. ಉಳಿದ ಮೇಷ್ಟ್ರುಗಳು ತಲೆ ಕೆರೆದುಕೊಂಡು, ಬೇರೆ ಬೇರೆ ದೇಶದ ಬಾವುಟ ಬರೆಸಿ ಕೈತೊಳೆದುಕೊಂಡರು. ನಮ್ಮವರು ಮಾತ್ರ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ವಾದಕ್ಕೆ ಬಿಟ್ಟರು. ಎರಡು ದೇಶ ಹಾಯುವ ನದಿಗೆ ಮೇಲಿನ ದೇಶ ಅಣೆಕಟ್ಟು ಕಟ್ಟಬಹುದೋ ಬಾರದೋ ಅನ್ನೋದು ವಿಷಯ. ಎದುರಿನವರು ಹೇಳಿದ್ದನ್ನು ಮೊದಲು ನೀನು ಒಪ್ಪಿಸಬೇಕು. ಅವರು ‘ಹೌದು, ನಾನು ಹೇಳಿದ್ದು ಇದೇ’ ಅಂದಮೇಲೇ ನಿನ್ನ ಉತ್ತರ. ತಪ್ಪಿದರೆ ‘ಇನ್ನೂ ಕೇಳಿಸಿಕೊಂಡಿಲ್ಲ’ ಅಂತ ಕೂರಿಸೋರು. ಬೇರೆ ಶಾಲೆಯವರೂ ಬಂದು ನೋಡಿ ಹೊಗಳಿದರು. ಉಪಾಯ ಒಳ್ಳೆಯದೇ, ನಾನೇನು ಇಲ್ಲ ಅನ್ನಲ್ಲ. ಅದು ನಮ್ಮ ಮನೆ ಹೊಸ್ತಿಲು ದಾಟಲಿಲ್ಲ, ಅಷ್ಟೇ.

ಮಗಳು ಇವರ ಕ್ಲಾಸಿನಲ್ಲೇ ಓದ್ತಾಳೆ. ಎದುರಿನ ಹುಡುಗಿಯ ಮಾತನ್ನು ಚಾಚೂ ತಪ್ಪದೆ ಒಪ್ಪಿಸಿದಳು, ಆ ಹುಡುಗಿಯೂ ಹೌದು ಅಂದಳು. ಆದರೂ ಇವರು ಕೊಟ್ಟಿದ್ದು ಅರ್ಧದಷ್ಟೇ ಮಾರ್ಕ್ಸ್. ಮೇಷ್ಟ್ರು ಮಗಳ ಪರ ಅಂತ ಯಾರೂ ಬಾಯಿ ತೆಗೆಯಬಾರದು ನೋಡಿ. ಇವರ ಹೆಸರು ಉಳಿದರೆ ಸಾಕು, ಮಗು ಏನಾದರೂ ಆಗಲಿ. ಪ್ರತಿ ಪರೀಕ್ಷೆಯಲ್ಲೂ ಇದೇ ಕಥೆ. ಬೇರೆ ಶಾಲೆಗೆ ಸೇರಿಸಿ ಅಂತ ಅವಳು ಗೋಗರೆದಿದ್ದೇ ಬಂತು, ಇವರು ಅರ್ಜಿಗೆ ಸಹಿ ಹಾಕಲ್ಲ ಅಂತ ಕೂತಿದ್ದರು. ಅರ್ಜಿ ಕೊಡೋಕೆ ಇನ್ನು ಒಂದೇ ದಿನ ಉಳಿದಿತ್ತು.

ಅವತ್ತು ಸಂಜೆ ಟೀ ಕುಡಿಯುವಾಗ ಮಗಳು ಮತ್ತೆ ಕೇಳಿದಳು. “ಅಪ್ಪ, ನಾನು ಸರಿಯಾಗಿ ಮಾಡಿದ್ರೂ ನಿಮ್ಮ ಮಗಳು ಅಂತ ಮಾರ್ಕ್ಸ್ ಕಡಿಮೆ ಮಾಡ್ತೀರಿ. ನಾನು ಮಾಡಿದ್ದಕ್ಕೆ ತಕ್ಕಷ್ಟು ಕೊಡೋರ ಹತ್ರ ಓದ್ಬೇಕು.”

ಇವರು ಪೇಪರಿನಿಂದ ತಲೆ ಎತ್ತದೆ “ಸುಮ್ನಿರು” ಅಂದರು.

ನನಗೆ ರೇಗಿಹೋಯಿತು. “ರೀ, ಅವಳು ಏನಂದ್ಲು ಹೇಳಿ ನೋಡೋಣ. ಅವಳು ಹೌದು ಅನ್ನೋವರೆಗೂ ನೀವು ಬೇಡ ಅನ್ನೋ ಹಾಗಿಲ್ಲ. ನಿಮ್ಮದೇ ಕಾನೂನು.”

“ನನ್ನ ಪಾಠ ಕಷ್ಟ ಆಗ್ತಿದೆಯಂತೆ.”

“ಅಲ್ಲ,” ಅಂದಳು ಮಗಳು.

“ಗೆಳತಿಯರೆಲ್ಲ ಆ ಶಾಲೇಲಿದ್ದಾರೆ.”

“ಅಲ್ಲಪ್ಪ.”

“ಹಾಗಾದ್ರೆ ನಿಮ್ಮಮ್ಮ ತಲೆ ಕೆಡಿಸಿದ್ದಾಳೆ.”

ಅವಳು ಅಳಲಿಲ್ಲ. ಲೋಟ ಕೆಳಗಿಟ್ಟು, ಕ್ಲಾಸಿನಲ್ಲಿ ಇವರು ಹೇಳುವ ದನಿಯಲ್ಲೇ “ಇನ್ನೂ ಕೇಳಿಸಿಕೊಂಡಿಲ್ಲ” ಅಂದಳು. ಇವರ ಮುಖ ಕಪ್ಪಿಟ್ಟಿತು. “ಸಹಿ ಹಾಕಲ್ಲ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ,” ಅಂತ ಪೇಪರ್ ಕೊಡವಿದರು.

ತಾಯಿ ಸಹಿ ಹಾಕಿದರೂ ನಡೆಯುತ್ತೆ ಅಂತ ನಾನು ಆ ಶಾಲೆಗೆ ಹೋಗಿ ಕೇಳಿಕೊಂಡು ಬಂದಿದ್ದೆ. ಅದನ್ನು ಇವರಿಗೂ ಹೇಳಿದ್ದೆ, ಒಂದಲ್ಲ ಎರಡು ಸಲ. ಕೇಳಿಸಿಕೊಂಡಿದ್ದರೆ ತಾನೇ? ಇವರ ಜೇಬಿನ ಪೆನ್ನನ್ನೇ ತೆಗೆದುಕೊಂಡು, ಇವರ ಕಣ್ಣೆದುರಿಗೇ ಅರ್ಜಿಗೆ ಸಹಿ ಹಾಕಿದೆ.