ಗಾಳಿ ತಿರುಗುವ ಮೊದಲು

ಮಂಗಸೂಳಿಯ ದಾರಿಯಲ್ಲಿ ಗುಡುಗು ಕೇಳಿ, ರಸ್ತೆ ಬದಿಯ ಒಣದ್ರಾಕ್ಷಿ ಶೆಡ್ಡಿನ ಹತ್ತಿರ ಬೈಕ್ ನಿಲ್ಲಿಸಿದೆ. ಒಳಗೆ ಬಲೆಗಳ ಮೇಲೆ ಹರಡಿದ ದ್ರಾಕ್ಷಿ ಇನ್ನೂ ಪೂರ್ತಿ ಒಣಗಿರಲಿಲ್ಲ. ಪಶ್ಚಿಮದಲ್ಲಿ ಮೋಡ ಹೂಕೋಸಿನ ಹಾಗೆ ಉಬ್ಬಿ ಮೇಲೇಳುತ್ತಿತ್ತು. ಗಾಳಿ ಮಾತ್ರ ಪೂರ್ವದಿಂದ ಬೀಸಿ, ದ್ರಾಕ್ಷಿಯ ಮೇಲೆ ಧೂಳು ಸುರಿಯುತ್ತಿತ್ತು. ಆದರೂ ಶೆಡ್ಡಿನ ಒಡತಿ ಪಶ್ಚಿಮ ಬದಿಯ ಪ್ಲಾಸ್ಟಿಕ್ ತಾಡಪತ್ರಿಯನ್ನೇ ಇಳಿಸಿ ಬಿಗಿಯುತ್ತಿದ್ದರು.

"ಗಾಳಿ ಈ ಕಡಿಯಿಂದ ಬರಾಕತ್ತೈತಿ, ನೀ ಆ ಕಡಿ ಕಟ್ಟಾಕತ್ತಿ!" ಅವರ ಗಂಡ ಕೂಗಿದರು.

"ಈಗ ಮೋಡ ಗಾಳಿನ ಒಳಗ ಎಳಕೊಳ್ಳಾಕತ್ತೈತ್ರಿ. ಆಮ್ಯಾಲ ಹೊಳ್ಳಿ ಉಗಳತೈತಿ. ಧೂಳ ತೊಳದ್ರ ಹೋಗತೈತಿ, ಶೆಡ್ ಹಾರಿ ಹೋದ್ರ ಬರತೈತೇನು?"

ಗಂಡ ಗೊಣಗುತ್ತಲೇ ಇನ್ನೊಂದು ಹಗ್ಗ ಹಿಡಿದರು. ಗಾಳಿ ಒಮ್ಮೆಲೇ ನಿಂತಿತು. ಆಮೇಲೆ, ಮೋಡದೊಳಗೆ ತಣ್ಣಗಾದ ಗಾಳಿ ಮಳೆಯೊಂದಿಗೆ ನೆಲಕ್ಕೆ ಬಿದ್ದು ಪಶ್ಚಿಮದಿಂದ ನುಗ್ಗಿತು. ತಾಡಪತ್ರಿ ಹೊಟ್ಟೆಯುಬ್ಬಿಸಿಕೊಂಡು ಅಲುಗಾಡಿತು, ಹಗ್ಗ ಹರಿಯಲಿಲ್ಲ. ಆಲಿಕಲ್ಲು ತಗಡಿನ ಮೇಲೆ ಬಡಿಯುವಷ್ಟು ಹೊತ್ತೂ ಇಬ್ಬರೂ ಹಗ್ಗ ಹಿಡಿದೇ ನಿಂತಿದ್ದರು.

ಮಳೆ ನಿಂತ ಮೇಲೆ ಗಂಡ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು.

"ಧೂಳ ಐತಿ," ಎಂದರು.