ಐಸಿಗೆ ಹಚ್ಚಿದ ವಿಭೂತಿ

ಕೊಪ್ಪಳದ ರೇಡಿಯೋ ರಿಪೇರಿ ಅಂಗಡಿಯ ಅಜ್ಜ ನನ್ನ ಎಂಟು ಕಾಲಿನ ಐಸಿ ಚಿಪ್ಪನ್ನು ಅಂಗೈಯಲ್ಲಿಟ್ಟುಕೊಂಡು, ತಮ್ಮ ಹಣೆಯ ವಿಭೂತಿಯನ್ನೇ ಹೆಬ್ಬೆರಳಿನಿಂದ ಒರೆಸಿ ಅದಕ್ಕೆ ಬಳಿದರು. ಹವ್ಯಾಸದ ಹುಚ್ಚಿಗೆ ನಾನು ಬಿಚ್ಚಿದ್ದ ಅತ್ತೆಯ ರೇಡಿಯೋ ಮೂಕವಾಗಿತ್ತು. ಅತ್ತೆ ಸಂಜೆಯ ಬಸ್ಸಿಗೆ ಕನಕಗಿರಿಯಿಂದ ಮರಳುವವರಿದ್ದರು. ಸುಟ್ಟ ಐಸಿಯ ನಂಬರು ಮಾಸಿ, ಯಾವುದನ್ನು ಕೊಳ್ಳಬೇಕೆಂದೇ ತಿಳಿದಿರಲಿಲ್ಲ.

"ಅಜ್ಜಾರ, ಇದನ್ನ ಮಣ್ಣು ಮಾಡೂದೈತೇನ್ರಿ?" ಎಂದೆ.

ಅವರು ನಗಲೂ ಇಲ್ಲ, ಉಫ್ ಎಂದು ಪುಡಿ ಊದಿದರು. ಗೀರುಗಳಲ್ಲಿ ಉಳಿದ ಬಿಳುಪಿನಿಂದ 386 ಎಂಬ ಅಂಕಿ ಎದ್ದು ಕಂಡಿತು! ಡಬ್ಬಿ ಕೆದಕಿ ಇನ್ನೊಂದು ಐಸಿ ಕೊಟ್ಟರು. ಅಂಕಿ ಅದೇ, ಅದಕ್ಕಿಂತ ಮೊದಲಿದ್ದ ಅಕ್ಷರಗಳು ಮಾತ್ರ ಬೇರೆ. ನಾನು ಅನುಮಾನಿಸಿದೆ.

"ಅಕ್ಷರ ಕಂಪನೀವು, ತಂಗಿ. ನಂಬರ್ ಒಂದ ಐತಿ, ಕೆಲಸಾನೂ ಒಂದ. ಕಣ್ಣು ಮುಚ್ಚಿ ಹಾಕು."

ಅತ್ತೆ ಬರುವಷ್ಟರಲ್ಲಿ ರೇಡಿಯೋ ಹಾಡುತ್ತಿತ್ತು.

ಈಗ ಮಾಸಿದ ಐಸಿಯ ನಂಬರು ಓದಲು ಕೂತಾಗಲೆಲ್ಲ ದೇವರ ಮನೆಯಿಂದ ವಿಭೂತಿ ಗಟ್ಟಿ ಒಯ್ಯುತ್ತೇನೆ. ಅದನ್ನು ನೋಡಿದ ಅತ್ತೆ, "ನಮ್ಮ ಸೊಸಿಗೆ ಭಾಳ ಭಕ್ತಿ ಬಂದೈತಿ" ಎಂದು ಓಣಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಹಣೆಗೇಕೆ ಹಚ್ಚಿಕೊಳ್ಳುವುದಿಲ್ಲ ಎಂದು ಮಾತ್ರ ಇನ್ನೂ ಯಾರೂ ಕೇಳಿಲ್ಲ.