ಅಮ್ಮನ ಎಲೆ

ನನ್ನನ್ನು ಸಾಕಿದವರು ಉಪ್ಪುಂದದ ಅಜ್ಜಯ್ಯ, ಅಮ್ಮಮ್ಮ. ಅಜ್ಜಯ್ಯ ದೋಣಿಯವರು. ಮಾತು ಕಡಿಮೆ, ಆಡಿದ್ದೇ ಮನೆಯ ಕಾನೂನು. ಅಮ್ಮಮ್ಮ ಮೀನುಬುಟ್ಟಿ ಹೊತ್ತು ಮನೆಮನೆ ತಿರುಗುವವಳು. ಊರೆಲ್ಲ ಬಾಯಿ ಮಾಡುತ್ತಿದ್ದವಳು ಅಜ್ಜಯ್ಯನೆದುರು ಮಾತ್ರ ತುಟಿಪಿಟಕ್ಕೆನ್ನುತ್ತಿರಲಿಲ್ಲ. ಅವಳ ಆ ಮೌನದ ಮೇಲೆ ನನಗೆ ಈಗಲೂ ಸಿಟ್ಟಿದೆ.

ವರ್ಷಕ್ಕೊಮ್ಮೆ ನಮ್ಮಲ್ಲಿ ಸತ್ತವರಿಗೆ ಬಡಿಸುತ್ತಾರೆ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅನ್ನ, ಕೋಳಿಸಾರು, ಅವರವರಿಗೆ ಇಷ್ಟವಾದದ್ದೆಲ್ಲ ಇಟ್ಟು, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕೂರಬೇಕು. ಅವರು ಬಂದು ಉಂಡು ಹೋಗುವ ತನಕ ಯಾರೂ ಮಾತಾಡಬಾರದು. ನಮ್ಮಲ್ಲಿ ಮೂರು ಎಲೆ. ಎರಡು ಅಜ್ಜಯ್ಯನ ಅಪ್ಪ-ಅಮ್ಮನಿಗೆ, ಮೂರನೆಯದು ನನ್ನ ಅಮ್ಮನಿಗೆ. ಅದಕ್ಕೆ ಹುರಿದ ಬಂಗಡೆ ಬೀಳುತ್ತಿತ್ತು.

"ಅಮ್ಮ ಬತ್ಲಾ?" ಎಂದು ನಾನು ಪ್ರತಿ ವರ್ಷ ಕೇಳುತ್ತಿದ್ದೆ.

ಅಮ್ಮಮ್ಮ ಎಲೆ ಒರೆಸುತ್ತ, "ಬತ್ಲ್ ಮಗಾ. ನಮ್ ಕಣ್ಣಿಗ್ ಕಾಣುದಿಲ್ಲ" ಎನ್ನುತ್ತಿದ್ದಳು.

ನಾನು ಬಾಗಿಲಿಗೆ ಕಿವಿ ಹಚ್ಚುತ್ತಿದ್ದೆ. ಒಂದೆರಡು ಸಲ ಒಳಗೆ ಬಳೆಯ ಸದ್ದು ಕೇಳಿದೆ. ಸುಳ್ಳಲ್ಲ, ಈಗಲೂ ಆಣೆ ಇಟ್ಟು ಹೇಳಬಲ್ಲೆ. ಹೆದರಿಕೆಯಾಗುತ್ತಿತ್ತು, ಆದರೂ ಕಿವಿ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ಅಮ್ಮ ಅಂತ ನನಗೆ ಇದ್ದದ್ದು ಅಷ್ಟೇ.

ನನಗೆ ಒಂಬತ್ತು ತುಂಬಿದ ವರ್ಷ. ಉರಿಮಧ್ಯಾಹ್ನ. ಎಲೆ ಬಡಿಸಿ, ಬಾಗಿಲು ಮುಚ್ಚಿ, ಮೂವರೂ ಜಗಲಿಯಲ್ಲಿ ಕೂತಿದ್ದೆವು. ಅಂಗಳಕ್ಕೆ ಒಬ್ಬ ಹೆಂಗಸು ಬಂದಳು, ಕೈಯಲ್ಲೊಂದು ರೆಗ್ಜಿನ್ ಚೀಲ. ಅಮ್ಮಮ್ಮನ ಟ್ರಂಕಿನ ಫೋಟೋದಲ್ಲಿ ನಾನು ಕದ್ದು ನೋಡಿದ್ದ ಅಮ್ಮನ ಮುಖ. ಅಮ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಜ್ಜಯ್ಯ ಅಲುಗಲಿಲ್ಲ. ಮಾತಾಡುವ ಹೊತ್ತಲ್ಲವಲ್ಲ, ಇಬ್ಬರೂ ಮಾತಾಡಲಿಲ್ಲ.

ಅವಳು ಸೀದಾ ನನ್ನ ಹತ್ತಿರ ಬಂದು ಕೈ ಚಾಚಿದಳು. "ಮಗಾ, ಇಲ್ ಬಾ."

ಸತ್ತವಳು ಹಗಲಲ್ಲೇ, ಕಣ್ಣಿಗೆ ಕಾಣುವ ಹಾಗೆ ಬಂದಿದ್ದಾಳೆ. ಹಿಂದೆ ಸರಿದು ಗೋಡೆಗೆ ಒತ್ತಿಕೊಂಡು ಹೇಳಿದೆ: "ನಿನ್ನ ಎಲೆ ಒಳ್ಗಿತ್ತ್. ಉಂಡ್ಕಂಡ್ ಹೋಗ್."

ಚಾಚಿದ ಕೈ ಹಾಗೇ ನಿಂತಿತು. ಅವಳು ಮುಚ್ಚಿದ ಬಾಗಿಲನ್ನೂ ಅಜ್ಜಯ್ಯನನ್ನೂ ನೋಡಿದಳು.

"ನಂಗೂ ಎಲೆ ಹಾಕಿದ್ರ್ಯಾ, ಅಪ್ಪಯ್ಯ?"

"ಏಳ್ ವರ್ಷ ಆಯ್ತ್," ಎಂದರು ಅಜ್ಜಯ್ಯ.

ಅವಳು ಚೀಲವನ್ನು ಮೆಟ್ಟಿಲ ಮೇಲಿಟ್ಟು ಬಂದ ದಾರಿಯಲ್ಲೇ ಹೋದಳು. ಅವಳ ನೆರಳು ಅಂಗಳದ ಮೇಲೆ ಬಿದ್ದದ್ದನ್ನು ಆಗಲೇ ನಾನು ನೋಡಿದ್ದು.

ಸಂಜೆ ಅಮ್ಮಮ್ಮ ಬಾಯಿಬಿಟ್ಟಳು. ನನಗೆ ಎರಡು ವರ್ಷವಿದ್ದಾಗ ಅಮ್ಮ ತನಗೆ ಬೇಕಾದವನ ಜೊತೆ ಮುಂಬೈಗೆ ಹೋದಳಂತೆ. ಅದೇ ವರ್ಷ ಅಜ್ಜಯ್ಯ ಎಲೆ ಹಾಕಿಸಿದರಂತೆ. ಚೀಲದಲ್ಲಿ ಎರಡು ಫ್ರಾಕ್ ಇದ್ದವು, ಎರಡೂ ನನಗೆ ಚಿಕ್ಕವು.

ಅಮ್ಮ ಮತ್ತೆ ಬರಲಿಲ್ಲ. ಅವಳ ಹತ್ತಿರ ನಾನು ಆಡಿದ ಮಾತು ಅದೊಂದೇ.